ಕೂತ ಜನರೇಟರಿಗೆ ಒಂದಿಷ್ಟು ಬಿಸಿಲು

ಮೊನ್ನೆ ಮನೆಗೆ ಬಂದ ನೆಂಟರೊಬ್ಬರು ಊಟ ಮುಗಿಸಿ, ಬೀಡಿ ಹಚ್ಚಲು ಬೆಂಕಿಪೆಟ್ಟಿಗೆ ಕೇಳಿದರು. ಒಲೆಯ ಹತ್ತಿರ ಇದ್ದದ್ದನ್ನು ಕೊಟ್ಟೆ. ಒಂದು ಕಡ್ಡಿ ಗೀರಿದರು, ಮದ್ದು ಉದುರಿತು. ಇನ್ನೊಂದು ಗೀರಿದರು, ಪೆಟ್ಟಿಗೆಯ ಮಗ್ಗುಲೇ ಕಿತ್ತು ಬಂತು. ಒಳಗಿನಿಂದ ನಮ್ಮ ಅತ್ತೆ ನನ್ನನ್ನು ಕರೆಯುವ ದನಿ ಕೇಳಿಸಿತು.

"ಹೆಣೆ, ಜನರೇಟರ್ ಒಳ್ಗಿಪ್ಪ ಪೆಟ್ಗಿ ತಂದ್ಕೊಡ್ ಅವ್ರಿಗೆ."

ನೆಂಟರು ನನ್ನ ಮುಖ ನೋಡಿದರು. ಅತ್ತೆಗೆ ವಯಸ್ಸಾಯಿತು ಪಾಪ, ಎಂದು ಅವರ ಕಣ್ಣು ಹೇಳುತ್ತಿತ್ತು. ನಾನು ಕೊಡೆ ಹಿಡಿದು ಹಿತ್ತಿಲಿಗೆ ಹೋಗಿ, ಶೆಡ್ಡಿನ ಬಾಗಿಲು ತೆಗೆದು, ಜನರೇಟರಿನ ಹೊದಿಕೆಯೊಳಗೆ ಕೈ ಹಾಕಿ ಬೆಂಕಿಪೆಟ್ಟಿಗೆ ತಂದುಕೊಟ್ಟೆ. ಒಂದೇ ಗೀರಿಗೆ ಹತ್ತಿತು. ನೆಂಟರು ಬೀಡಿ ಹಚ್ಚುವುದನ್ನೇ ಮರೆತು ಕಡ್ಡಿ ನೋಡುತ್ತಾ ಕೂತರು.

ನೀವೂ ಹಾಗೆ ನೋಡಬೇಡಿ. ಬೀಜಾಡಿಯಲ್ಲಿ, ಸಮುದ್ರದ ಗಾಳಿ ನೇರ ಅಂಗಳಕ್ಕೇ ನುಗ್ಗುವ ನಮ್ಮಂಥ ಮನೆಯಲ್ಲಿ, ಮಳೆ ಹಿಡಿದರೆ ಒಣಗಿರುವ ಜಾಗ ಅಂತ ಉಳಿಯುವುದು ಅದೊಂದೇ. ಉಪ್ಪು ನೀರಾಗುತ್ತದೆ. ಹಪ್ಪಳ ಚರ್ಮವಾಗುತ್ತದೆ. ಕಪಾಟಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು. ಚಪ್ಪಲಿಗೆ ಹಸಿರು ಪಾಚಿ. ಘಟ್ಟದ ಮೇಲಿನವರು ನೀರಿಲ್ಲ ನೀರಿಲ್ಲ ಅಂತ ಒದ್ದಾಡುತ್ತಾರೆ, ಪಾಪ. ನಾವು ವರ್ಷದ ನಾಲ್ಕು ತಿಂಗಳು ನೀರಿನಿಂದ ತಪ್ಪಿಸಿಕೊಳ್ಳುವುದು ಹೇಗೆ ಅಂತ ಒದ್ದಾಡುತ್ತೇವೆ. ಯಾರ ಕಷ್ಟ ದೊಡ್ಡದು? (ಅವರದ್ದೇ ಇರಬೇಕು. ಆದರೂ ಒಂದು ಜುಲೈ ತಿಂಗಳು ಬಂದು ನಮ್ಮ ಮನೆಯಲ್ಲಿ ಟವೆಲ್ ಒಣಗಿಸಿ ತೋರಿಸಲಿ.)

ಇಂಥ ಊರಿನಲ್ಲಿ ನಮ್ಮ ಮನೆಯವರು ಮಾಡುವ ವ್ಯಾಪಾರ ಏನು ಗೊತ್ತೇ? ಕರೆಂಟಿನದ್ದು. ಮದುವೆ, ಗೃಹಪ್ರವೇಶ, ಬಯಲಾಟ, ಕೋಲ, ಎಲ್ಲದಕ್ಕೂ ಸೀರಿಯಲ್ ಲೈಟು, ಟ್ಯೂಬ್‌ಲೈಟು, ಫ್ಯಾನು, ಜೊತೆಗೊಂದು ಜನರೇಟರ್ ಬಾಡಿಗೆಗೆ ಕೊಡುತ್ತಾರೆ. ಹೆಸರು ಶ್ರೀನಿವಾಸ. ಊರಿಗೆಲ್ಲ ಶೀನಣ್ಣ. ದೀಪಾವಳಿಯಿಂದ ಹಿಡಿದು ಮುಂದಿನ ಮಳೆ ಬೀಳುವವರೆಗೆ ಇವರು ಮನೆಯಲ್ಲಿ ಊಟ ಮಾಡುವುದೇ ಅಪರೂಪ. ಆಮೇಲೆ ಮಳೆ. ಮಳೆಗಾಲಕ್ಕೆ ಯಾರು ಚಪ್ಪರ ಹಾಕುತ್ತಾರೆ? ಇವರೂ ಮನೆಯಲ್ಲಿ, ಜನರೇಟರೂ ಮನೆಯಲ್ಲಿ. ಇಬ್ಬರೂ ಕೂತಲ್ಲೇ.

ಇವರು ಕೂತರೆ ಹೊಟ್ಟೆ ಬರುತ್ತದೆ, ಅಷ್ಟೇ. ಜನರೇಟರ್ ಕೂತರೆ ತೇವ ಹತ್ತುತ್ತದೆ.

ಅದೇನು ತೇವ ಅಂತ ನನಗೂ ಮದುವೆಯಾದ ಹೊಸತರಲ್ಲಿ ಗೊತ್ತಿರಲಿಲ್ಲ. ಜನರೇಟರಿನಲ್ಲಿ ಎರಡು ಭಾಗ. ಒಂದು ಡೀಸೆಲ್ ಇಂಜಿನ್. ಅದು ಗಟ್ಟಿ, ಲಾರಿಯ ಜಾತಿ. ಇನ್ನೊಂದು ಕರೆಂಟ್ ಹುಟ್ಟುವ ಭಾಗ. ಅದರೊಳಗೆ ತಾಮ್ರದ ತಂತಿಯ ಸುರುಳಿ ಸುರುಳಿ. ಆ ತಂತಿಗೆ ವಾರ್ನಿಶ್ ಬಳಿದಿರುತ್ತಾರೆ, ಒಂದಕ್ಕೊಂದು ತಾಗಬಾರದು ಅಂತ. ದಿನಾ ಓಡುತ್ತಿದ್ದರೆ ತನ್ನ ಬಿಸಿಗೆ ತಾನೇ ಒಣಗಿಕೊಂಡಿರುತ್ತದೆ. ತಿಂಗಳುಗಟ್ಟಲೆ ಸುಮ್ಮನೆ ಇಟ್ಟರೆ ಗಾಳಿಯ ನೀರು, ಅದರಲ್ಲೂ ನಮ್ಮ ಕಡಲ ಉಪ್ಪುಗಾಳಿಯ ನೀರು, ಮೆಲ್ಲಗೆ ಒಳಗೆ ಹೋಗಿ ಕೂರುತ್ತದೆ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಪೈಂಟು ಹೊಳೆಯುತ್ತಲೇ ಇರುತ್ತದೆ. ಒಂದು ದಿನ ಸ್ಟಾರ್ಟ್ ಮಾಡಿದಿರೋ, ಒಳಗೆ ಚಟ್ ಅಂತ ಶಾರ್ಟ್ ಆಗಿ ಸುರುಳಿ ಸುಟ್ಟುಹೋಗುತ್ತದೆ.

(ನನಗೆ ಪರಿಚಯದ ರಿಟೈರಾದ ಗಂಡಸರು ಕೆಲವರು ನೆನಪಾಗುತ್ತಾರೆ. ಅದು ಇನ್ನೊಂದು ವಾರದ ವಿಷಯ ಆದೀತು, ಈಗ ಬೇಡ.)

ಹಾಗಾದರೆ ವಾರಕ್ಕೊಮ್ಮೆ ಓಡಿಸಿದರೆ ಆಯಿತಲ್ಲ? ನಾನೂ ಕೇಳಿದ್ದೆ. "ಡೀಸೆಲ್ ಎಂತ ನಮ್ ಬಾವಿಯಗೆ ಬತ್ತಾ?" ಅಂದರು. ಅಲ್ಲದೆ ತೇವ ಹತ್ತಿದ್ದನ್ನು ಓಡಿಸಿ ಒಣಗಿಸಲು ಹೋದರೆ, ಓಡಿಸುವಾಗಲೇ ಸುಟ್ಟರೆ?

ಅದಕ್ಕೆ ಈ ಕಡೆಯ ಬಾಡಿಗೆಯವರೆಲ್ಲ ಹಿಂದಿನಿಂದ ಮಾಡಿಕೊಂಡು ಬಂದ ಉಪಾಯ ಒಂದಿದೆ. ಸುರುಳಿಯ ಪಕ್ಕದಲ್ಲಿ ಒಂದು ಬಲ್ಬು ತೂಗುಹಾಕಿ, ಮೇಲಿಂದ ಟಾರ್ಪಾಲು, ಹಳೆ ಕಂಬಳಿ ಹೊದಿಸಿ ಬಿಡುವುದು. ಬಲ್ಬಿನ ಬಿಸಿಗೆ ಒಳಗೆ ಬೆಚ್ಚಗೆ. ಹೊರಗಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಸಾಕು, ತೇವ ಹತ್ತಿರ ಸುಳಿಯುವುದಿಲ್ಲ. ಇವರೂ ಅದನ್ನೇ ಮಾಡುತ್ತಿದ್ದರು.

ಆದರೆ ಬಲ್ಬು ಉರಿಯಲು ಏನು ಬೇಕು? ಕರೆಂಟು. ಗಾಳಿಮಳೆ ಜೋರಾದಾಗ ಮೊದಲು ಹೋಗುವುದು ಏನು? ಅದೇ ಕರೆಂಟು. ಎಲ್ಲೋ ಮರ ಬಿತ್ತು, ಎಲ್ಲೋ ಕಂಬ ಮಲಗಿತು, ದಿನಗಟ್ಟಲೆ ಕತ್ತಲೆ. ಅಂದರೆ ಬಲ್ಬು ಬೇಡದ ದಿನ ಚೆನ್ನಾಗಿ ಉರಿಯುತ್ತದೆ, ಬೇಕಾದ ದಿನ ಆರಿರುತ್ತದೆ. ಒಂದು ವರ್ಷ ಮಳೆ ಹೋಗುವಾಗಲೂ ಒದ್ದು ಹೋಯಿತು. ನವರಾತ್ರಿ ಕಳೆದರೂ ಗುಡುಗು, ಸಿಡಿಲು, ಕರೆಂಟಿಲ್ಲ. ಇವರು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಹೊದಿಕೆ ತೆಗೆದು, ಒರೆಸಿ, ಗಾಡಿಗೆ ಹೇರಿಸಿ ಸೀಸನ್ನಿನ ಮೊದಲ ಬಾಡಿಗೆಗೆ ಹೊರಟರು. ಹಾಲಾಡಿಯಲ್ಲಿ ಒಂದು ಮದುವೆ ಮನೆ.

ಆ ಮನೆಯ ಯಜಮಾನರು ಕುಷ್ಟಣ್ಣ. (ಆಮಂತ್ರಣ ಪತ್ರಿಕೆಯಲ್ಲಿ ಕೃಷ್ಣ ಅಂತಿರುತ್ತದೆ. ನಮ್ಮ ಕಡೆ ಬಾಯಲ್ಲಿ ಕುಷ್ಟ.) ಅವರ ದೊಡ್ಡ ಮಗಳ ಮದರಂಗಿಯ ಸಂಜೆ. ಚಪ್ಪರದ ತುಂಬ ಜನ, ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ಇವರು ಓಡಿ ಹೋಗಿ ಜನರೇಟರ್ ಸ್ಟಾರ್ಟ್ ಮಾಡಿದರು. ದೀಪಗಳು ಒಮ್ಮೆ ಬೆಳಗಿದವು. ಎಲ್ಲರೂ ಹೋ ಅಂದರು. ಮರುಕ್ಷಣ ಚಟ್ ಅಂತ ಒಂದು ಸದ್ದು. ಆಮೇಲೆ ಹೊಗೆ. ಗಾಳಿ ಬೇರೆ ಚಪ್ಪರದ ಕಡೆಗೇ ಬೀಸುತ್ತಿತ್ತು. ಮದುಮಗಳು ಮದರಂಗಿ ಕೈ ಮೇಲೆತ್ತಿಕೊಂಡು ಕೆಮ್ಮುತ್ತಾ ಒಳಗೆ ಓಡಿದಳು. ಊಟ ಗ್ಯಾಸ್‌ಲೈಟಿನಲ್ಲಿ ಮುಗಿಯಿತು.

ಕುಷ್ಟಣ್ಣ ಒಂದು ಮಾತು ಬೈಯಲಿಲ್ಲ. "ನೀನೆಂತ ಬೇಕಂದೇ ಮಾಡಿದ್ಯಾ?" ಅಂದರಂತೆ, ಅಷ್ಟೇ.

ಬೈದಿದ್ದರೆ ಒಳ್ಳೆಯದಿತ್ತು. ಬೈದರೆ ಮರೆಯಬಹುದು. ಇವರು ಮರೆಯಲಿಲ್ಲ, ಊರೂ ಮರೆಯಲು ಬಿಡಲಿಲ್ಲ. ಕೋಟೇಶ್ವರದ ಪೇಟೆಯಲ್ಲಿ ಶೀನಣ್ಣ ಹೋಗಿ ಹೊಗೆ ಶೀನಣ್ಣ ಆಯಿತು. ಸುರುಳಿ ಬಿಚ್ಚಿ ಹೊಸದು ಸುತ್ತಿಸಿಕೊಂಡು ಬಂದರು, ನಿಜ. ಆದರೆ ಆಮೇಲೆ ಯಾರಾದರೂ ಜನರೇಟರ್ ಕೇಳಿದರೆ ಇವರು ಬ್ರಹ್ಮಾವರದ ಒಬ್ಬರದ್ದನ್ನು ತರಿಸಿಕೊಡುತ್ತಿದ್ದರು. ನಮ್ಮದು ಹಿತ್ತಿಲಿನಲ್ಲಿ ಕೂತೇ ಇರುತ್ತಿತ್ತು. ಬೇಸಿಗೆಯಲ್ಲೂ. ನಾನು ಒಂದೆರಡು ಸಲ "ನಮ್ದೇ ತಕಂಡ್ ಹೋಯ್ನಿ" ಅಂತ ಹೇಳಿ ನೋಡಿದೆ. ಕೇಳಿಸದವರಂತೆ ಎದ್ದು ಹೋದರು. ಗಂಡಸರ ಹೆದರಿಕೆಗೆ ಕಿವಿ ಇರುವುದಿಲ್ಲ.

ಹೀಗೇ ಕೆಲವು ವರ್ಷ ಕಳೆಯಿತು. ಹೋದ ವರ್ಷ ಮಳೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಕುಷ್ಟಣ್ಣ ಹಾಲಾಡಿಯಿಂದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ನಾನು ಬೆಲ್ಲ, ನೀರು ಕೊಟ್ಟೆ. ಬೆಲ್ಲ ಬಾಯಿಗೆ ಹಾಕಿಕೊಂಡೇ ವಿಷಯ ಹೇಳಿದರು.

"ಶೀನ, ಎರಡ್ನೇ ಮಗ್ಳ ಮದಿ ನಿಶ್ಚಯ ಆಯ್ತ್. ದೀಪಾವಳಿ ಕಳ್ದ್ ಮೇಲೆ. ಲೈಟೂ ನಿಂದೇ, ಜನರೇಟರೂ ನಿಂದೇ."

ಇವರು ನೆಲ ನೋಡಿದರು. "ಲೈಟ್ ಹಾಕ್ತೆ ಕುಷ್ಟಣ್ಣ. ಜನರೇಟರ್ ಬೇರೆಯವ್ರದ್ದ್ ತರ್ಸ್ತೆ."

"ಬೇರೆಯವ್ರದ್ದ್ ಬೇಕಾರೆ ನಾ ಬಸ್ ಹತ್ತಿ ಇಲ್ಲಿಗೆಂತಕೆ ಬರ್ಕಿತ್ತ್? ಹಾಲಾಡಿಯಗೇ ಸಿಕ್ತಿತ್ತ್."

ಅಷ್ಟು ಹೇಳಿ ಎದ್ದರು. ಉಳಿದ ಬೆಲ್ಲದ ತುಂಡನ್ನು ಜೇಬಿಗೆ ಹಾಕಿಕೊಂಡು ಹೋದರು.

ಆ ದಿನ ಇವರು ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. ಇನ್ನೊಮ್ಮೆ ಅದೇ ಅಂಗಳದಲ್ಲಿ ಹೊಗೆ ಎದ್ದರೆ? ಆ ಮನೆಯವರಿಗೆ ಮುಖ ತೋರಿಸುವುದು ಹೇಗೆ? ಬಾಡಿಗೆ ಹೋದರೆ ಹೋಗಲಿ, ಊರು ಬಿಡಬೇಕಾಗುತ್ತದೆ ಅಂತ ನನ್ನ ಹತ್ತಿರ ಹೇಳಿದರು. ಮೊದಲ ಸಲ ಬಾಯಿ ಬಿಟ್ಟು ಹೇಳಿದ್ದು. ನನಗೆ ಪಾಪ ಅನಿಸಿತು, ಖುಷಿಯೂ ಆಯಿತು. ಹೆದರಿಕೆಗೆ ಕಿವಿ ಬಂತಲ್ಲ.

ಆಗ ನಮ್ಮ ಪಕ್ಕದ ಮನೆಗೆ ಸೋಲಾರ್ ಲೈಟ್ ಹೊಸದಾಗಿ ಬಂದಿತ್ತು. ಮಾಡಿನ ಮೇಲೆ ಒಂದು ನೀಲಿ ಹಲಗೆ, ಒಳಗೆ ಬ್ಯಾಟರಿ. ಕರೆಂಟ್ ಇಲ್ಲದ ದಿನವೂ ಅವರ ಜಗಲಿಯಲ್ಲಿ ಬೆಳಕು. ಇವರು ಅದನ್ನು ನೋಡುತ್ತಾ ಎರಡು ಮೂರು ಸಂಜೆ ಅಂಗಳದಲ್ಲಿ ನಿಂತರು. ಆಮೇಲೆ ಒಂದು ದಿನ ಬ್ರಹ್ಮಾವರಕ್ಕೆ ಹೋಗಿ ತಾವೂ ಒಂದು ಹಲಗೆ ತಂದೇಬಿಟ್ಟರು. ಮನೆಗೆ ಬೆಳಕಾಯಿತು ಅಂತ ನಾನು ಅಡುಗೆಮನೆಯಲ್ಲಿ ಜಾಗ ನೋಡಿಟ್ಟರೆ, ಇವರು ಅದನ್ನು ನೇರ ಶೆಡ್ಡಿನ ಮಾಡಿಗೆ ಹತ್ತಿಸಿದರು.

ಜನರೇಟರಿಗಂತೆ!

ಬಿಸಿಲಿನಲ್ಲಿ ಬ್ಯಾಟರಿ ತುಂಬುವುದು. ಆ ಬ್ಯಾಟರಿಯಿಂದ ಕಾರಿನ ಎರಡು ಸಣ್ಣ ಬಲ್ಬು ಸುರುಳಿಯ ಬುಡದಲ್ಲಿ ಉರಿಯುವುದು. ಬ್ಯಾಟರಿಯೂ ಬೇರೆಯದಲ್ಲ, ಜನರೇಟರನ್ನು ಸ್ಟಾರ್ಟ್ ಮಾಡುವ ಅದರದ್ದೇ ಬ್ಯಾಟರಿ. ಅದೂ ಸುಮ್ಮನೆ ಕೂತರೆ ಸತ್ತುಹೋಗುವ ಜಾತಿಯೇ. ಹೀಗೆ ಬ್ಯಾಟರಿಗೂ ಜೀವ, ಸುರುಳಿಗೂ ಬಿಸಿ. ಬೆಸ್ಕಾಂ, ಮೆಸ್ಕಾಂ ಯಾರ ಹಂಗೂ ಇಲ್ಲ.

ಸುದ್ದಿ ಕೋಟೇಶ್ವರ ಮುಟ್ಟಲು ಒಂದು ಬಸ್ಸು ಸಾಕಾಯಿತು. ಹೋಟೆಲಿನಲ್ಲಿ ಒಬ್ಬ ಕೇಳಿದನಂತೆ, "ಹ್ವಾಯ್ ಶೀನಣ್ಣ, ಮಳ್ಗಾಲದಗೆ ಸೋಲಾರ್ ಹಾಕ್ತ್ರಿ ಅಂಬ್ರಲೆ. ಬೇಸ್ಗಿಯಗೆ ಕಂಬ್ಳಿ ಕೊಪ್ಪಿ ಹಾಯ್ಕಂತ್ರಿಯಾ?" (ಕೊಪ್ಪಿ ಅಂದರೆ ಮಳೆಗೆ ತಲೆಯಿಂದ ಹೊದೆಯುವ ಕಂಬಳಿ.)

ಇವರು, "ಬಿಸ್ಲ್ ಬ್ಯಾಡ ಮಾರಾಯ, ಬೆಳ್ಕ್ ಸಾಕ್" ಅಂದು ಚಹಾ ಕುಡಿದು ಬಂದರಂತೆ. ಮನೆಗೆ ಬಂದವರು ಮೋಡ ನೋಡುತ್ತಾ ಕೂತರು. ಹೊರಗೆ ಹೇಳಿದಷ್ಟು ಧೈರ್ಯ ಒಳಗೆ ಇರಲಿಲ್ಲ.

ಆದರೆ ನಿಜ ಹೇಳಬೇಕೆಂದರೆ, ಸಾಕಾಯಿತು. ನಮ್ಮ ಮಳೆಗಾಲದಲ್ಲಿ ಸೂರ್ಯ ರಜೆ ಹಾಕುವುದಿಲ್ಲ, ಪರದೆ ಹಾಕಿಕೊಳ್ಳುತ್ತಾನೆ, ಅಷ್ಟೇ. ಮೋಡದ ದಿನವೂ ಹಲಗೆ ಏನೋ ಸ್ವಲ್ಪ ಕೊಡುತ್ತಿತ್ತು. ನಡುನಡುವೆ ಮಳೆ ಬಿಟ್ಟು ಹೊಳವು ಬಿದ್ದರೆ ಇನ್ನಷ್ಟು. ಎರಡು ಸಣ್ಣ ಬಲ್ಬಿಗೆ, ಅದೂ ಕಂಬಳಿ ಹೊದೆದು ಮಲಗಿದ ಯಂತ್ರಕ್ಕೆ, ಎಷ್ಟು ಬೇಕು?

ಇವರ ಹತ್ತಿರ ಮೆಗ್ಗರ್ ಅಂತ ಒಂದು ಪೆಟ್ಟಿಗೆ ಇದೆ. ಎರಡು ವೈರು ಸುರುಳಿಗೆ ಹಿಡಿದು, ಹಿಡಿ ತಿರುಗಿಸಿದರೆ ಮುಳ್ಳು ಅಲ್ಲಾಡುತ್ತದೆ. ಮುಳ್ಳು ಮೇಲೆ ಹೋದರೆ ಒಳಗೆ ಒಣಗಿದೆ ಅಂತ ಲೆಕ್ಕ, ಸೊನ್ನೆಯ ಕಡೆ ಬಂದರೆ ತೇವ. ಭಾನುವಾರ ಮಧ್ಯಾಹ್ನ ಮೀನು ಊಟ ಮುಗಿಸಿ ಇವರು ಅದನ್ನು ತೆಗೆದುಕೊಂಡು ಶೆಡ್ಡಿಗೆ ಹೋಗುವುದು. ನಾನು ವೈರು ಹಿಡಿಯುವುದು, ಇವರು ತಿರುಗಿಸುವುದು. ಮುಳ್ಳು ವಾರದಿಂದ ವಾರಕ್ಕೆ ಮೇಲೆ. ಇವರ ಮುಖವೂ. ಹೊರಗೆ ಸುರಿಯುವ ಮಳೆ, ಒಳಗೆ ಬೆಚ್ಚಗಿನ ಶೆಡ್ಡು, ಡೀಸೆಲಿನ ವಾಸನೆ, ಗಂಡ ಹೆಂಡತಿ ಇಬ್ಬರೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಅಷ್ಟು ಮಾತಾಡಿದ್ದು ಆ ಶೆಡ್ಡಿನಲ್ಲೇ ಇರಬೇಕು. (ಹನಿಮೂನಿಗೆ ಶೃಂಗೇರಿಗೆ ಹೋಗಿದ್ದೆವು. ಅಲ್ಲಿ ಇವರು ದೇವಸ್ಥಾನದ ವೈರಿಂಗ್ ನೋಡುತ್ತಿದ್ದರು.)

ಆ ಹೊತ್ತಿಗೆ ನಮ್ಮ ಅತ್ತೆಯೂ ಶೆಡ್ಡಿಗೆ ಬರತೊಡಗಿದರು. ಬೆಚ್ಚಗಿನ ಜಾಗ ಸಿಕ್ಕಿದರೆ ಕರಾವಳಿಯ ಹೆಂಗಸು ಸುಮ್ಮನೆ ಬಿಡುತ್ತಾಳೆಯೇ? ಮೊದಲು ಬೆಂಕಿಪೆಟ್ಟಿಗೆ ಬಂತು. ಆಮೇಲೆ ಹಪ್ಪಳದ ಡಬ್ಬಿ. ಆಮೇಲೆ ಒಣ ಸಿಗಡಿಯ ಪೊಟ್ಟಣ. ಇವರು ಗೊಣಗಿದರು, ಆದರೆ ಮುಳ್ಳು ಮೇಲೆಯೇ ಇದ್ದದ್ದರಿಂದ ಬಿಟ್ಟರು.

ಆಷಾಢದಲ್ಲಿ ನನ್ನ ನಾದಿನಿ ಸುಮಾ ಹೆರಿಗೆಗೆ ಬಂದಳು. ಹೆಣ್ಣು ಮಗು. ಮನೆಗೆಲ್ಲ ಸಂಭ್ರಮ. ಸಂಭ್ರಮದ ಹಿಂದೆಯೇ ಬಟ್ಟೆ. ಎಷ್ಟು ಬಟ್ಟೆ! ಒಂದು ಹಿಡಿ ಇರುವ ಶಿಶು ಒಂದು ದಿನಕ್ಕೆ ಅಷ್ಟು ಬಟ್ಟೆ ಒದ್ದೆ ಮಾಡುವುದು ಹೇಗೆ ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ಜಗಲಿಯಲ್ಲಿ, ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ, ಹಗ್ಗ ಕಟ್ಟಿದಲ್ಲೆಲ್ಲ ಸಣ್ಣ ಸಣ್ಣ ಬಟ್ಟೆ. ಒಂದೂ ಒಣಗುವುದಿಲ್ಲ.

ಮೊದಲೆಲ್ಲ ಇದಕ್ಕೊಂದು ಕ್ರಮ ಇತ್ತು. ಕೆಂಡದ ಮೇಲೆ ಬೆತ್ತದ ಬುಟ್ಟಿ ಕವುಚಿ, ಬುಟ್ಟಿಯ ಮೇಲೆ ಮಗುವಿನ ಬಟ್ಟೆ ಹರವುವುದು. ಅತ್ತೆ ತಮ್ಮ ಮಕ್ಕಳನ್ನೆಲ್ಲ ಹಾಗೇ ಸಾಕಿದ್ದು. ಆದರೆ ಡಾಕ್ಟರು ಮಗು ಇರುವ ಮನೆಯಲ್ಲಿ ಹೊಗೆ ಬೇಡ ಅಂದುಬಿಟ್ಟರು. ಅತ್ತೆಗೆ ಬುಟ್ಟಿ ಇದೆ, ಕೆಂಡ ಇಲ್ಲ.

ಮುಂದಿನದ್ದು ನೀವು ಊಹಿಸಿರಬೇಕು. ನಾವು ಊಹಿಸಲಿಲ್ಲ.

ನಾನು ಬಾಣಂತಿ ಅಡುಗೆಯಲ್ಲಿ ಮುಳುಗಿದ್ದೆ. ಇವರು ಒಬ್ಬರೇ ಮೆಗ್ಗರ್ ಹಿಡಿದು ಹೋಗಿ, ಮುಖ ಸಣ್ಣ ಮಾಡಿಕೊಂಡು ಬಂದರು. ಮುಳ್ಳು ಇಳಿದಿತ್ತು. ಮರುವಾರ ಇನ್ನೂ ಇಳಿಯಿತು. ಅದರ ಮರುವಾರ ಸೊನ್ನೆಯ ಹತ್ತಿರವೇ ಬಂತು. ಹಲಗೆ ಒರೆಸಿದರು. ವೈರು ಬದಲಿಸಿದರು. ಬ್ಯಾಟರಿಗೆ ನೀರು ಹಾಕಿದರು. ಬಲ್ಬು ಸರಿಯಾಗಿಯೇ ಉರಿಯುತ್ತಿತ್ತು, ಕೈ ಇಟ್ಟರೆ ಬೆಚ್ಚಗೂ ಇತ್ತು. ಆದರೂ ತೇವ ಎಲ್ಲಿಂದ?

"ಹೋಟ್ಲಿನವ್ರ್ ಹೇಳ್ದ್ದೇ ಸಮ. ಮಳ್ಗಾಲದಗೆ ಇದ್ ಆಪುದಲ್ಲ" ಅಂದರು ಒಂದು ಸಂಜೆ. ಹಾಲಾಡಿಗೆ ಫೋನ್ ಮಾಡಿ ಬೇರೆ ಜನರೇಟರ್ ನೋಡಿಕೊಳ್ಳಲು ಹೇಳುತ್ತೇನೆ ಅಂತ ಎದ್ದೇಬಿಟ್ಟರು. ನಾನು ರಿಸೀವರ್ ಮೇಲೆ ಕೈ ಇಟ್ಟೆ. ಭಾನುವಾರದವರೆಗೆ ನೋಡುವ, ಅಂದೆ.

ಭಾನುವಾರದವರೆಗೆ ಕಾಯಬೇಕಾಗಲಿಲ್ಲ. ಮರುದಿನ ಬೆಳಿಗ್ಗೆ ಇವರು ಯಾವುದೋ ಸ್ಪ್ಯಾನರ್ ಬೇಕು ಅಂತ ಹೊತ್ತಲ್ಲದ ಹೊತ್ತಿಗೆ ಶೆಡ್ಡಿಗೆ ಹೋದರು. ಟಾರ್ಪಾಲು ಎತ್ತಿದರೆ, ಒಳಗೆ ಹಗ್ಗ. ಹಗ್ಗದ ತುಂಬ ಮಗುವಿನ ಬಟ್ಟೆ. ಸುರುಳಿಯ ಮೇಲೂ ಎರಡು ಟೊಪ್ಪಿ. ಅತ್ತೆ ಬೆಳಿಗ್ಗೆ ಒದ್ದೆ ಬಟ್ಟೆ ಹರವಿ, ಸಂಜೆ ಒಣಗಿದ್ದನ್ನು ತೆಗೆದು, ಟಾರ್ಪಾಲು ಮೊದಲಿನಂತೆಯೇ ಮುಚ್ಚಿ ಬರುತ್ತಿದ್ದರು. ಭಾನುವಾರ ಮಾತ್ರ ಆ ಕಡೆ ಹೋಗುತ್ತಿರಲಿಲ್ಲ. (ಎಂಥ ಬುದ್ಧಿ ನೋಡಿ.)

ಇವರು ಅಲ್ಲಿಂದಲೇ ಕೂಗಿದರು. ಅತ್ತೆ ಬಂದರು, ನಾನೂ ಹೋದೆ.

"ಅಮ್ಮ, ಈ ಬಟ್ಟಿ ನೀರೆಲ್ಲ ಎಲ್ಲಿಗ್ ಹೋಯ್ತ್ ಅಂದೇಳಿ ಗೊತ್ತಿತ್ತಾ ನಿಂಗೆ?"

"ಒಣ್ಗಿ ಹೋಯ್ತ್."

"ಒಣ್ಗಿ ಎಲ್ಲಿಗ್ ಹೋಯ್ತ್? ಮೇಲೆ ಟಾರ್ಪಾಲ್ ಮುಚ್ಚಿತ್ತ್. ಹೊರ್ಗ್ ಹೋಪುಕೆ ದಾರಿ ಇಲ್ಲ. ಎಲ್ಲಾ ಈ ತಂತಿ ಒಳ್ಗೇ ಹೋಯ್ತ್."

ಅತ್ತೆ ಜನರೇಟರನ್ನು ಒಮ್ಮೆ ನೋಡಿದರು. ಅವರಿಗೆ ಬೇಸರ ಆಯಿತೇ? ಆಯಿತು. ಆದರೆ ಸೋಲು ಒಪ್ಪಿಕೊಳ್ಳುವ ಜನ ಅಲ್ಲ.

"ನಿನ್ನ ಯಂತ್ರಕ್ಕೆ ಥಂಡಿ ಆರೆ ಅದ್ ಮರ್ಕತ್ತಾ? ಶಿಶು ಮರ್ಕತ್ತ್." (ಮರ್ಕುವುದು ಅಂದರೆ ಅಳುವುದು.)

ಸರಿಯಾಗಿ ಅದೇ ಹೊತ್ತಿಗೆ ಒಳಗೆ ಮಗು ಅತ್ತಿತು.

ಹೇಳಿ, ನೀವಾದರೆ ಯಾರ ಪಕ್ಷ? ಒಂದು ಕಡೆ ಐದಾರು ವರ್ಷದ ಅವಮಾನ, ಹಾಲಾಡಿಯ ಮಾತು, ಗಂಡನ ಮರ್ಯಾದೆ. ಇನ್ನೊಂದು ಕಡೆ ಒಂದು ಮೊಳದ ಒಣ ಬಟ್ಟೆ. ನಾನು ಇಬ್ಬರ ನಡುವೆ ನಿಂತು ಯಾರಿಗೂ ಬೇಡದ ಮುಖ ಮಾಡಿಕೊಂಡು ಟೊಪ್ಪಿ ತೆಗೆದು ಮಡಚಿದೆ. ಬೆಚ್ಚಗಿತ್ತು. ಚೆನ್ನಾಗಿ ಒಣಗಿತ್ತು, ಅದಂತೂ ಸುಳ್ಳಲ್ಲ.

ಮಧ್ಯಾಹ್ನ ಇವರು ಬಂದರಿಗೆ ಹೋಗಿ ಮೀನು ತುಂಬುವ ದೊಡ್ಡ ಥರ್ಮಾಕೋಲ್ ಪೆಟ್ಟಿಗೆ ಒಂದನ್ನು ತಂದರು. ತೊಳೆದರು, ಇನ್ನೊಮ್ಮೆ ತೊಳೆದರು. (ಅತ್ತೆ ಮೂಸಿ ನೋಡಿ, ಮೂರನೆಯ ಸಲ ತೊಳೆಸಿದರು.) ಮೇಲೆ ತೂತು ಕೊರೆದು, ಒಳಗೆ ಒಂದು ಬಲ್ಬು, ಬಲ್ಬಿಗೆ ತಂತಿಯ ಬಲೆ, ಬಲೆಯಿಂದ ದೂರ ಹಗ್ಗ. ಗೋಡೆಗೆ ಒಂದು ಸ್ವಿಚ್ಚು. ಮೇಲೆ ಒತ್ತಿದರೆ ಪೆಟ್ಟಿಗೆಗೆ, ಕೆಳಗೆ ಒತ್ತಿದರೆ ಜನರೇಟರಿಗೆ. ಹಗಲು ಮಗುವಿಗೆ, ರಾತ್ರಿ ಯಂತ್ರಕ್ಕೆ. ಹಾಗಂತ ಒಪ್ಪಂದ ಆಯಿತು. ಶೆಡ್ಡಿನೊಳಗೆ ಇನ್ನು ಮುಂದೆ ಒಣಗಿದ್ದು ಮಾತ್ರ ಬರಬಹುದು, ಒಣಗಬೇಕಾದದ್ದು ಬರಬಾರದು ಅಂತ ಕಾನೂನೂ ಆಯಿತು.

ಕಾನೂನು ಮಾಡುವುದು ಸುಲಭ. ಸ್ವಿಚ್ಚು ಯಾರ ಕೈಯಲ್ಲಿತ್ತು? ಅತ್ತೆಯ ಕೈಯಲ್ಲಿ. ಸಂಜೆ ಕೆಳಗೆ ಒತ್ತಲು ಅವರಿಗೆ ಯಾಕೋ ಆಗಾಗ ಮರೆತುಹೋಗುತ್ತಿತ್ತು. ಇವರಿಗೆ ಗೊತ್ತಿತ್ತು. ಒಂದು ದಿನವೂ ಕೇಳಲಿಲ್ಲ. ತಂಗಿಯ ಮಗು ಎದೆಯ ಮೇಲೆ ಮಲಗಿ ನಿದ್ದೆ ಹೋದರೆ, ಆ ಬೆಚ್ಚಗಿನ ಬಟ್ಟೆಯನ್ನು ಮೂಸಿ ನೋಡುತ್ತಾ ಕೂತಿರುತ್ತಿದ್ದರು. ಮುಳ್ಳು ಮೇಲೆ ಹತ್ತಿತು, ಆದರೆ ಅಜ್ಜಿ ಮೆಟ್ಟಿಲು ಹತ್ತಿದ ಹಾಗೆ.

ನವರಾತ್ರಿಯ ಹೊತ್ತಿಗೆ ಸುಮಾ ಮಗುವನ್ನು ಕರೆದುಕೊಂಡು ಶಂಕರನಾರಾಯಣದ ಗಂಡನ ಮನೆಗೆ ಹೋದಳು. ಮನೆ ಖಾಲಿ ಅನಿಸಿತು. ಅತ್ತೆ ಅವತ್ತು ಸಂಜೆ ತಾವಾಗಿಯೇ ಹೋಗಿ ಸ್ವಿಚ್ಚು ಕೆಳಗೆ ಒತ್ತಿ ಬಂದರು. "ಇನ್ನ್ ಅದ್ಕೇ ಇರ್ಲಿ" ಅಂದರು. ಮಳೆಯೂ ಹೋಗಿತ್ತು, ಒಳ್ಳೆಯ ಬಿಸಿಲು. ಹಲಗೆ ಕೊಟ್ಟದ್ದೆಲ್ಲ ಯಂತ್ರಕ್ಕೆ. ಟಾರ್ಪಾಲನ್ನೂ ಮೇಲೊಂದಿಷ್ಟು ತೆರೆದಿಟ್ಟರು. ದೀಪಾವಳಿಗೆ ಮುಳ್ಳು ಹಳೆಯ ಜಾಗಕ್ಕೆ ಬಂತು. ಆಮೇಲೆ ಅದನ್ನೂ ದಾಟಿತು. ಮನೆಯಲ್ಲೇ ಒಮ್ಮೆ ಓಡಿಸಿ ನೋಡಿದರು. ಓಡಿತು. ದೀಪ ಹತ್ತಿತು.

ಆದರೂ ನಂಬಿಕೆ ಇಲ್ಲ. ಹೋದ ಸಲವೂ ಮೊದಲು ಹತ್ತಿತ್ತಲ್ಲವೇ? ಹಾಲಾಡಿಗೆ ಹೊರಡುವ ದಿನ ಬ್ರಹ್ಮಾವರದಿಂದ ಇನ್ನೊಂದನ್ನು ಜೊತೆಗೆ ತರಿಸಿ ಗಾಡಿಯಲ್ಲೇ ಇಟ್ಟಿರುತ್ತೇನೆ ಅಂತ ಕುಷ್ಟಣ್ಣನಿಗೆ ಫೋನ್ ಮಾಡಿದರು. "ಎರಡ್ ಜನರೇಟರಿಗ್ ನಮ್ಮಲ್ ಜಾಗ ಇಲ್ಲ" ಅಂತ ಆ ಕಡೆಯಿಂದ ಇಟ್ಟುಬಿಟ್ಟರು. (ಅವರ ಅಂಗಳದಲ್ಲಿ ಎರಡು ಲಾರಿ ತಿರುಗಿಸಬಹುದು.)

ಮದರಂಗಿಯ ಸಂಜೆ ನಾನೂ ಹೋಗಿದ್ದೆ. ಚಪ್ಪರದ ತುಂಬ ಇವರ ದೀಪಗಳು. ಮದುಮಗಳ ಒಂದು ಕೈಗೆ ಮದರಂಗಿ ಮುಗಿದು, ಇನ್ನೊಂದು ಕೈ ಅರ್ಧ ಆಗಿತ್ತು. ಪಕ್ಕದಲ್ಲೇ ಅವಳ ಅಕ್ಕ, ಹೊಗೆಯಲ್ಲಿ ಕೆಮ್ಮಿಕೊಂಡು ಓಡಿದವಳು, ಈಗ ಎರಡು ಮಕ್ಕಳ ತಾಯಿ, ನಗುತ್ತಾ ಕೂತಿದ್ದಳು. ಎಲೆ ಹಾಕಿದರು. ಜನ ಕೂತರು. ಕರೆಂಟ್ ಮಾತ್ರ ಕಲ್ಲಿನ ಹಾಗೆ ನಿಂತಿತ್ತು. ಹೋಗುವ ಲಕ್ಷಣವೇ ಇಲ್ಲ.

ಇವರು ಅಂಗಳದ ಮೂಲೆಯಲ್ಲಿ ಜನರೇಟರಿನ ಪಕ್ಕ ನಿಂತೇ ಇದ್ದರು. ಕುಷ್ಟಣ್ಣ ಊಟಕ್ಕೆ ಕರೆದರು, ಆಮೇಲೆ ಅಂದರು. ಇನ್ನೊಬ್ಬರನ್ನು ಕಳಿಸಿದರು, ಹಸಿವಿಲ್ಲ ಅಂದರು. ಕೊನೆಗೆ ಕುಷ್ಟಣ್ಣ ತಾವೇ ಬಂದರು. ನಾನು ಅಲ್ಲೇ ಹತ್ತಿರ ಇದ್ದೆ.

"ಶೀನ, ಉಂಬುಕೆ ಬಾ."

"ನಾ ಇಲ್ಲೇ ಇರ್ತೆ ಕುಷ್ಟಣ್ಣ. ಉಂಬುವಾಗ ಕರೆಂಟ್ ಹೋರೆ?"

"ಹೋರೆ ನೀ ಇದನ್ ಹಾಕ್ತೆ. ಅಷ್ಟೇ ಅಲ್ದಾ?"

ಇವರು ಡೀಸೆಲಿನ ಮುಚ್ಚಳ ಇನ್ನೊಮ್ಮೆ ತಿರುಗಿಸಿ ನೋಡಿದರು. ಆಗಲೇ ಮೂರು ಸಲ ನೋಡಿಯಾಗಿತ್ತು, ಅದು ಅವರಿಗೂ ಕಂಡಿರಬೇಕು. ಕುಷ್ಟಣ್ಣ ಒಂದು ಗಳಿಗೆ ಇವರ ಮುಖ ನೋಡಿದರು. ಆಮೇಲೆ, "ಹಾಂಗಾರೆ ಈಗ್ಳೇ ಹೋಯ್ಲಿ" ಅಂದರು.

ಅಂದವರು ಸೀದಾ ಜಗಲಿ ಹತ್ತಿ, ಮೀಟರ್ ಬೋರ್ಡಿನ ಮೇನ್ ಸ್ವಿಚ್ಚನ್ನು ಕೆಳಗೆಳೆದುಬಿಟ್ಟರು.

ಕತ್ತಲೆ. ಊಟದ ಪಂಕ್ತಿ ಗಪ್‌ಚಿಪ್. ಚಪ್ಪರದೊಳಗಿನಿಂದ ದೊಡ್ಡ ಮಗಳ ದನಿ, "ಅಪ್ಪಯ್ಯ, ಎಂತ ಮಾಡ್ದ್ರಿ?" ಯಾರೋ ಅಜ್ಜಿಯೊಬ್ಬರು, "ಶುಭ ಕಾರ್ಯದಗೆ ದೀಪ ಆರ್ಸುದಾ?" ಅಂತ ಗೊಣಗಿದರು. ಇವರು ಕೀ ತಿರುಗಿಸಿದರು. ಇಂಜಿನ್ ಒಂದೇ ಸಲಕ್ಕೆ ಹಿಡಿಯಿತು. (ಬ್ಯಾಟರಿ ಹೊಟ್ಟೆ ತುಂಬ ಉಂಡಿತ್ತಲ್ಲ.) ಸದ್ದು ಒಂದೇ ಹದಕ್ಕೆ ಬರುವವರೆಗೆ ಕಾದು, ಚಪ್ಪರದ ದೀಪಗಳ ಸ್ವಿಚ್ಚನ್ನು ಜನರೇಟರಿನ ಕಡೆಗೆ ಹಾಕಿದರು.

ಇಡೀ ಚಪ್ಪರ ಬೆಳಗಿತು. ಇವರು ಸುರುಳಿಯ ಕಡೆ ಬಗ್ಗಿ ಮೂಸಿದರು. ನಾನೂ ಮೂಸಿದೆ. ಡೀಸೆಲಿನ ವಾಸನೆ, ಅದರ ಮೇಲೆ ಕೋಳಿ ಸುಕ್ಕದ ವಾಸನೆ. ಅಷ್ಟೇ. ಇನ್ನೊಂದು ಗಳಿಗೆ ಕಾದೆವು. ಫ್ಯಾನುಗಳು ತಿರುಗಿದವು. ಪಂಕ್ತಿಯಲ್ಲಿ ಮಾತು ಮತ್ತೆ ಶುರುವಾಯಿತು. ನನಗೆ ಅಳು ಬಂತು, ಸಂತೋಷಕ್ಕೇ ಬಂದದ್ದು, ಸೆರಗಿನಿಂದ ಒರೆಸಿಕೊಂಡೆ.

ಕುಷ್ಟಣ್ಣ ಮೇನ್ ಸ್ವಿಚ್ಚನ್ನು ಮೇಲೆ ಹಾಕಲಿಲ್ಲ. ಆ ರಾತ್ರಿಯ ಊಟವೆಲ್ಲ ನಮ್ಮ ಜನರೇಟರಿನ ಬೆಳಕಿನಲ್ಲೇ ಆಯಿತು. ಅವರು ಜಗಲಿಯಿಂದ ಇಳಿದು ಬಂದು ಇವರ ಹೆಗಲ ಮೇಲೆ ಕೈ ಹಾಕಿ, "ಇನ್ನ್ ಉಂಬುಕೆ ಬಾ. ಎಲಿ ಹಾಕಿತ್ತ್" ಅಂದರು. ಇವರು ಹೋಗಿ ಕೂತು ಎರಡು ಸಲ ಬಡಿಸಿಕೊಂಡು ಉಂಡರು.

ಸೋಲಾರಿನಿಂದ ಯಂತ್ರದ ತೇವ ಹೋದದ್ದನ್ನು ನಾನು ಕಣ್ಣಾರೆ ಕಂಡೆ, ಬೇಕಾದರೆ ನೀವೂ ಬಂದು ನೋಡಿ. ಆದರೆ ಮಗಳ ಮದರಂಗಿಯ ದಿನ, ಚಪ್ಪರದ ತುಂಬ ನೆಂಟರಿರುವಾಗ, ಚೆನ್ನಾಗಿ ಉರಿಯುತ್ತಿರುವ ಮನೆಯ ದೀಪವನ್ನು ತನ್ನ ಕೈಯಾರೆ ಆರಿಸುವ ಅಪ್ಪನನ್ನು ನೀವು ಬೇರೆಲ್ಲಾದರೂ ಕಂಡಿದ್ದೀರಾ?